ಕುರಿ ಕೇಳದ ಜಾಗದಲ್ಲಿ ಹೇಳಿದ್ದು

ಮಧುಗಿರಿ
೧೭ ನವೆಂಬರ್ ೨೦೨೪, ಭಾನುವಾರ

ಜಯರಾಮು ಭಾವನಿಗೆ,

ನಿನ್ನ ಗಂಗಾಲಕ್ಷ್ಮಿಯ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗೋಣವೆಂದರೆ ಕೈ ಅಲ್ಲೇ ನಿಲ್ಲುತ್ತದೆ. ಅನುಷಾ ಕ್ಷೇಮ, ಅಷ್ಟನ್ನು ಧೈರ್ಯವಾಗಿ ಬರೆಯಬಲ್ಲೆ. ನಿನ್ನ ಎರಡು ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಂಡಿರುತ್ತೀಯ. ಮಾಡಿಕೋ. ಬೆಳಗಿನಿಂದ ಸಂಜೆಯವರೆಗೆ ಊರವರ ಭಾಗದ ದಾವೆಗಳನ್ನು ಟೈಪ್ ಮಾಡಿ ಬಂದವಳಿಗೆ, ಗಂಡನಾದ ನೀನು ಮಿಲಿಟರಿ ಕಾವಲಿನಲ್ಲಿದ್ದೀಯ ಎಂಬುದನ್ನು ನೆನೆಯುವುದೇ ಒಂದು ಕೆಲಸವಾಗಿಬಿಟ್ಟಿದೆ. ವಾರಕ್ಕೊಮ್ಮೆ ನಿನಗೆ ಫೋನ್ ಕೊಡುತ್ತಾರೆ ನಿಜ. ಆದರೆ ನಿನ್ನ ಪಕ್ಕ ನಿಂತ ಗಾರ್ಡ್ ಕೆಮ್ಮುವುದು ನನಗೂ ಕೇಳಿಸುತ್ತದೆ. ಊಟ ಆಯಿತಾ, ಆಯಿತು, ಇಷ್ಟರಲ್ಲೇ ಐದು ನಿಮಿಷ ಮುಗಿಯುತ್ತದೆ. ಅದಕ್ಕೇ ಇವತ್ತು ರಜದ ದಿನ ವಕೀಲರ ಆಫೀಸಿನ ಬೀಗ ತೆಗೆಸಿ, ಫ್ಯಾನಿನ ಕೆಳಗೆ ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ಮಗಳ ಸುದ್ದಿ. ಒಂಬತ್ತನೇ ಕ್ಲಾಸಿನವಳು ನನಗಿಂತ ಎತ್ತರ ಆಗಿದ್ದಾಳೆ, ಮಾತಿನಲ್ಲಂತೂ ನಿನಗಿಂತ ಎತ್ತರ. ಸ್ಕೂಲಿನಲ್ಲಿ ಯಾರೋ ಹುಡುಗಿ, "ನಿಮ್ಮಪ್ಪ ಮಿಲಿಟರಿಯಿಂದ ಓಡ್ ಬಂದ್ಬುಟ್ಟಿದ್ರಂತೆ?" ಎಂದಳಂತೆ. ಇವಳು, "ನಮ್ಮಪ್ಪ ಓಡಿಲ್ಲ ಕಣೇ, ಕುರಿ ಹಿಂದೆ ನಡ್ಕೊಂಡು ಹೋಗ್ತಿದ್ರು" ಎಂದು ಹೇಳಿ ಬಂದಿದ್ದಾಳೆ. ಮನೆಗೆ ಬಂದು ನನಗೆ ಹೇಳುವಾಗ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದಳು.

ಇನ್ನು ಕೇಸಿನ ವಿಷಯ. ನಮ್ಮ ವಕೀಲರು ನರಸಿಂಹರಾಜು ಅವರು ಮೂವತ್ತು ವರ್ಷ ಮಧುಗಿರಿ ಕೋರ್ಟಿನಲ್ಲಿ ಬದು, ಬೇಲಿ, ಬಾವಿ ಬಿಟ್ಟು ಬೇರೆ ಏನನ್ನೂ ವಾದಿಸಿದವರಲ್ಲ. "ಕೋರ್ಟ್ ಮಾರ್ಷಲ್ ಅಂದ್ರೆ ನಂಗೂ ಸಿನಿಮಾದಲ್ಲಿ ನೋಡಿರೋದೇ ಕಣಮ್ಮ" ಎಂದು ಮೊದಲ ದಿನವೇ ಒಪ್ಪಿಕೊಂಡರು. ಆದರೆ ಆರ್ಮಿ ಆಕ್ಟಿನ ಪುಸ್ತಕ ತರಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಹಾಕಿ ಆ ಪುಸ್ತಕದ ಗತಿಯನ್ನೇ ಕೆಡಿಸಿದ್ದಾರೆ. ನಿನ್ನ ಪರವಾಗಿ ನಿಲ್ಲಲು ಸೈನ್ಯದವರೇ ನೇಮಿಸಿದ ಕ್ಯಾಪ್ಟನ್ ಪ್ರಭುದೇವ್ ಅವರ ಜೊತೆ ಎರಡು ದಿನಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ. ಕ್ಯಾಪ್ಟನ್ ಸಾಹೇಬರು ದಾವಣಗೆರೆಯವರು, ಕನ್ನಡ ಬರುತ್ತದೆ ಎಂದು ಗೊತ್ತಾದ ದಿನ ನನಗೆ ಅಳುವೇ ಬಂದಿತ್ತು. ಹಿಂದಿಯಲ್ಲಿ ನನ್ನ ಕಷ್ಟ ಹೇಳಿಕೊಳ್ಳಲು ನನಗೆ ಬರುವುದಿಲ್ಲವಲ್ಲ.

ಇಬ್ಬರೂ ಹೇಳುವುದು ಒಂದೇ. ಜುಲೈ ಮೂವತ್ತೊಂದಕ್ಕೆ ನಿನ್ನ ರಜೆ ಮುಗಿಯಿತು. ಸೆಪ್ಟೆಂಬರ್ ಹನ್ನೆರಡರಂದು ಸಿರಾ ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರು ನಿನ್ನನ್ನು ಹಿಡಿದರು. ನಡುವೆ ನಲವತ್ಮೂರು ದಿನ. ಇದನ್ನು ಬರೀ ರಜೆ ಮೀರಿದ್ದು ಎಂದು ಕೋರ್ಟು ಒಪ್ಪಿದರೆ ಶಿಕ್ಷೆಯೇನೋ ಆಗುತ್ತದೆ, ಆದರೆ ನೀನು ಸೈನಿಕನಾಗಿಯೇ ಉಳಿಯಬಹುದು. ವಾಪಸು ಹೋಗುವ ಮನಸ್ಸೇ ಇರಲಿಲ್ಲ, ಸೈನ್ಯ ಬಿಟ್ಟು ಓಡಿದವನು ಎಂದು ತೀರ್ಮಾನವಾದರೆ ಜೈಲು, ಆಮೇಲೆ ಮನೆ. ಪಿಂಚಣಿಗೆ ಎಂಟು ತಿಂಗಳು ಬಾಕಿ ಇರುವಾಗ, ಹದಿನಾಲ್ಕು ವರ್ಷ ಹಿಮದಲ್ಲಿ ನಿಂತವನು ಓಡಿ ಬಂದವನು ಎನ್ನಿಸಿಕೊಂಡು, ಹಟ್ಟಿಗೆ ಹೋಗಲು ಕಳ್ಳಂಬೆಳ್ಳದಲ್ಲಿ ಬಸ್ ಇಳಿಯಬೇಕು.

ನೀನು ಯಾಕೆ ಉಳಿದೆ ಎನ್ನುವುದಕ್ಕೆ ಮಾವನ ಕಾಯಿಲೆಯೇ ಉತ್ತರ. ಆದರೆ ಆ ಉತ್ತರಕ್ಕೆ ಅಡ್ಡ ಬಂದವರೂ ನಿನ್ನಪ್ಪನೇ! ನೀನು ರಜೆ ಹೆಚ್ಚಿಗೆ ಕೇಳಿದಾಗ, ತಂದೆಗೆ ನಿಜವಾಗಿ ಹುಷಾರಿಲ್ಲವೇ ನೋಡಿ ಬನ್ನಿ ಎಂದು ಸೈನ್ಯದವರು ಪೊಲೀಸರಿಗೆ ಬರೆದರು. ಆಗಸ್ಟಿನಲ್ಲಿ ಪೇದೆ ಹಟ್ಟಿಗೆ ಬಂದಾಗ ನೀನು ಕುರಿ ಹೊಡೆದುಕೊಂಡು ರಾಯಚರ್ಲು ಕಡೆ ಇದ್ದೆ. ಮಾವ ಚಾಪೆಯಿಂದ ಎದ್ದು, ಪೇಟ ಸುತ್ತಿಕೊಂಡು, ಕುರಿ ರೊಪ್ಪದ ಬಾಗಿಲಲ್ಲಿ ನಿಂತು, "ನಂಗೇನಾಗೈತೆ ಸ್ವಾಮಿ, ಗುಂಡ್ಕಲ್ಲಂಗಿವ್ನಿ" ಎಂದುಬಿಟ್ಟರು. ಪೇದೆ ಅದನ್ನೇ ಬರೆದುಕೊಂಡು ಹೋದ. "ತಂದೆ ಓಬಯ್ಯ ಆರೋಗ್ಯವಾಗಿದ್ದಾರೆ, ರಜೆಗೆ ಕೊಟ್ಟ ಕಾರಣ ಸುಳ್ಳು." ಈಗ ಆ ಹಾಳೆ ನಿನ್ನ ಫೈಲಿನಲ್ಲಿ ಮೇಲುಗಡೆಯೇ ಕೂತಿದೆ.

ಅವರು ಯಾಕೆ ಹಾಗೆಂದರು ಎಂದು ನಿನಗೆ ಹೇಳಬೇಕಾಗಿಲ್ಲ. ರೊಪ್ಪದ ಮುಂದೆ ನಿಂತು ಯಜಮಾನ ತನ್ನ ನೋವು ಬಾಯಿಬಿಟ್ಟು ಹೇಳಿದರೆ ಅದು ಕುರಿಗೆ ತಗಲುತ್ತದೆ ಎಂದು ನಿಮ್ಮ ಮನೆಯಲ್ಲಿ ತಲೆತಲಾಂತರದಿಂದ ನಂಬಿದ್ದೀರಿ. ನಮ್ಮತ್ತೆ ಹೆರಿಗೆ ನೋವನ್ನೂ ಹೇಳದೆ ಹಲ್ಲು ಕಚ್ಚಿದ್ದರಂತೆ. ಇದನ್ನು ಕ್ಯಾಪ್ಟನ್ ಸಾಹೇಬರಿಗೆ ವಿವರಿಸುವಾಗ ನನಗೇ ನಾಚಿಕೆಯಾಯಿತು. ಅವರು ನಗಲಿಲ್ಲ. "ಹಾಗಾದ್ರೆ ಈಗಲಾದ್ರೂ ಅವರ ಬಾಯಿಂದ ನಿಜ ಹೇಳಿಸಿ, ಅಫಿಡವಿಟ್ ಮಾಡಿಸಿ ಕಳಿಸಿ" ಎಂದರು.

ಹೋದ ತಿಂಗಳು ವಕೀಲರನ್ನು ಕರೆದುಕೊಂಡು ಹಟ್ಟಿಗೆ ಹೋದೆ. ಪಾಪ, ಅವರು ಶೂ ಹಾಕಿಕೊಂಡು ಕುರಿ ಹಿಕ್ಕೆಯ ಮೇಲೆ ಜಾರಿದ್ದಷ್ಟೇ ಬಂತು. ಮಾವ ಎಲ್ಲರಿಗೂ ಮಜ್ಜಿಗೆ ಕೊಡಿಸಿದರು, ತಾವು ಮಾತ್ರ ಲೋಟ ಮುಟ್ಟಲಿಲ್ಲ. ಕೇಳಿದ್ದಕ್ಕೆಲ್ಲ, "ನಾನ್ ಚೆಂದಾಗಿವ್ನಿ, ನಮ್ಮುಡುಗನ್ನ ಬುಡ್ಸಿ" ಎನ್ನುವುದೊಂದೇ ಮಾತು. ನಾನು ಸಿಟ್ಟು ತಡೆಯಲಾರದೆ, "ನಿನ್ ಕುರಿ ಉಳಿಬೇಕೋ, ನಿನ್ ಮಗ ಉಳಿಬೇಕೋ ಮಾವ?" ಎಂದು ಕೇಳಿಬಿಟ್ಟೆ. ಅವರು ನನ್ನ ಮುಖ ನೋಡದೆ ರೊಪ್ಪದ ಕಡೆ ತಿರುಗಿಕೊಂಡರು. "ಇಲ್ ಆ ಮಾತಾಡ್ಬ್ಯಾಡ ಕಣಮ್ಮ" ಎಂದರು. ಹಾಗೆ ಕೇಳಬಾರದಿತ್ತು, ನನಗೆ ಗೊತ್ತು. ಆದರೆ ಭಾವ, ಒಳ್ಳೆಯವಳಾಗಿರುವುದಕ್ಕೂ ಸ್ವಲ್ಪ ಶಕ್ತಿ ಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ತಟ್ಟನೆ ಹೊಳೆಯಿತು. "ಇಲ್ಲಿ" ಮಾತಾಡಬೇಡ ಎಂದರಲ್ಲ, ಮಾತಾಡುವುದೇ ಇಲ್ಲ ಎನ್ನಲಿಲ್ಲವಲ್ಲ! ಮರುದಿನವೇ ಆಟೋ ಕಳಿಸಿ ಅವರನ್ನು ಮಧುಗಿರಿಗೆ ಕರೆಸಿದೆ. ಈ ಆಫೀಸಿನ ಮಹಡಿ ಹತ್ತಲು ಅವರಿಗೆ ಕಾಲು ಗಂಟೆ ಬೇಕಾಯಿತು. ಬಂದವರೇ ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದರು. "ಇಲ್ ಕುರಿ ಗಿರಿ ಇಲ್ವೇನಮ್ಮ?" ಇಲ್ಲ ಮಾವ ಎಂದೆ. ಬೆಂಚಿನ ಮೇಲೆ ಕೂತು ಬಾಯಿ ತೆರೆಯುವಷ್ಟರಲ್ಲಿ, ನಮ್ಮ ಗ್ರಹಚಾರ ನೋಡು, ಕೆಳಗೆ ಯಾರೋ ಟೆಂಪೋದಲ್ಲಿ ಎರಡು ಟಗರು ತುಂಬಿಕೊಂಡು ಬಂದು ನಿಲ್ಲಿಸಿದರು. ಅವು ಅರಚಿದ್ದು ಮೇಲಕ್ಕೆ ಕೇಳಿಸಿತು. ಮಾವ ಬಾಯಿ ಮುಚ್ಚಿಕೊಂಡರು. ವಕೀಲರು ನನ್ನನ್ನು, ನಾನು ಗಡಿಯಾರವನ್ನು ನೋಡುತ್ತ ಕೂತೆವು. ಕೊನೆಗೆ ನರಸಿಂಹರಾಜು ಅವರೇ ಕೋಟು ಹಾಕಿಕೊಂಡು ಕೆಳಗಿಳಿದು, ಟೆಂಪೋದವನಿಗೆ ಏನು ಕಾನೂನು ಹೇಳಿದರೋ, ಅವನು ಗಾಡಿ ಮುಂದಕ್ಕೆ ಹೊಡೆದುಕೊಂಡು ಹೋದ.

ಆಮೇಲೆ ಮಾವ ಹೇಳಿದರು. "ಗಂಟ್ಲಾಗೆ ಅನ್ನ ಇಳಿಯಾಕಿಲ್ಲ ಸ್ವಾಮಿ. ಆರ್ ತಿಂಗ್ಳಾಯ್ತು. ನೀರ್ ಕುಡುದ್ರೂ ಮೂಗ್ನಾಗೆ ಬತ್ತದೆ. ನಮ್ಮುಡುಗ ನೋಡ್ಬುಟ್ಟ. ನೀನು ಮಲಿಕ್ಕಳಪ್ಪೋ, ಕುರಿ ನಾನ್ ಹೊಡ್ಕಂಡೋಯ್ತಿನಿ ಅಂದ. ನಾನೇ ಬ್ಯಾಡ ಅನ್ಬೇಕಾಗಿತ್ತು. ಅನ್ನಾಕೆ ಬಾಯ್ ಬರ್ನಿಲ್ಲ." ಅವರು ಹೇಳುತ್ತ ಹೋದಂತೆ ನಾನು ಟೈಪ್ ಮಾಡುತ್ತ ಹೋದೆ. ಎಷ್ಟೋ ಜನರ ಗೋಳು ಟೈಪ್ ಮಾಡಿದ ಬೆರಳು ಭಾವ, ಅವತ್ತು ನಾಲ್ಕು ಸಲ ತಪ್ಪು ಒತ್ತಿತು. ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಪಂಚೆಗೆ ಒರೆಸಿಕೊಂಡು, "ಈಗ್ ಬುಟ್ಬುಡ್ತಾರಾ?" ಎಂದು ಕೇಳಿದರು.

ಅಲ್ಲಿಂದ ನೇರವಾಗಿ ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಗಂಟಲಿನ ಕೆಳಗೆ ಗಡ್ಡೆ ಇದೆ, ರೇಡಿಯೇಷನ್ ಕರೆಂಟು ಕೊಡಬೇಕು ಎಂದಿದ್ದಾರೆ. ವಾರಕ್ಕೆ ಐದು ದಿನ ಹೋಗಿ ಬರಬೇಕು. ಚಿಕ್ಕಪ್ಪ ಬೈರಪ್ಪನವರು ಕುರಿ ನೋಡಿಕೊಳ್ಳುತ್ತಿದ್ದಾರೆ, ಮೇವಿಗೆ ಸೋಲಾರ್ ಪಾರ್ಕಿನ ಬೇಲಿ ಸುತ್ತಿಕೊಂಡು ಹೋಗಬೇಕೆಂದು ದಿನಾ ಗೊಣಗುತ್ತಾರೆ. ಮಾವ ನನ್ನ ಹತ್ತಿರವೇ ಇದ್ದಾರೆ. ಗಂಜಿ ಇಳಿಯುತ್ತದೆ. ನೀನು ಇದರ ಬಗ್ಗೆ ಅಲ್ಲಿಂದಲೇ ಚಿಂತೆ ಮಾಡಿ ಪ್ರಯೋಜನವಿಲ್ಲ, ಇಲ್ಲಿ ಚಿಂತೆ ಮಾಡಲು ನಾನೊಬ್ಬಳು ಇದ್ದೇನೆ.

ಅಫಿಡವಿಟ್ಟು, ಸ್ಕ್ಯಾನಿಂಗ್ ರಿಪೋರ್ಟು ಎಲ್ಲ ಕ್ಯಾಪ್ಟನ್ ಸಾಹೇಬರಿಗೆ ತಲುಪಿದೆ. ಅವರು ಸಂತೋಷಪಟ್ಟರು, ಆದರೆ ಪೂರ್ತಿ ಅಲ್ಲ. "ಯಾಕೆ ಉಳಿದ ಅನ್ನೋದು ಗೊತ್ತಾಯ್ತಮ್ಮ. ವಾಪಸ್ ಬರೋ ಮನಸ್ಸಿತ್ತು ಅನ್ನೋದಕ್ಕೆ ಏನಿದೆ? ಅವನಾಗಿಯೇ ಬಂದು ಹಾಜರಾಗಿದ್ರೆ ಮಾತು ಬೇರೆ. ಪೊಲೀಸರು ಹಿಡಿದ್ರು ಅಂತ ಕಾಗದದಲ್ಲಿದೆ. ಅವನ ಕೈಯಲ್ಲಿ ರೈಲಿನ ಟಿಕೆಟ್ಟೂ ಇರಲಿಲ್ಲ. ಅವತ್ತು ಅವನು ಡ್ಯೂಟಿಗೇ ಹೊರಟಿದ್ದ ಅಂತ ಹೇಳೋಕೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಇದ್ದಾರೆ, ನಾನೇ ಬರುತ್ತೇನೆ ಎಂದೆ. ಡಿಸೆಂಬರ್ ಎರಡಕ್ಕೆ ವಿಚಾರಣೆ. ಇಪ್ಪತ್ತೆಂಟರ ರೈಲಿಗೆ ಟಿಕೆಟ್ ಆಗಿದೆ.

ಮಾವ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಹಟ್ಟಿಯ ದೇವರ ಬಂಡಾರ ಕೊಟ್ಟಿದ್ದಾರೆ, ಈ ಕಾಗದದ ಮಡಿಕೆಯಲ್ಲಿಟ್ಟಿದ್ದೇನೆ. ಅನುಷಾ ಮುತ್ತು ಕಳಿಸಿದ್ದಾಳೆ, ನಾಚಿಕೆಯಂತೆ, ಬರೆಯಬೇಡ ಎಂದಿದ್ದಾಳೆ. ಕಾಲಿನ ಬಿರುಕಿಗೆ ಎಣ್ಣೆ ಹಚ್ಚಿಕೋ. ಯಾರ ಹತ್ತಿರವೂ ಎದುರು ಮಾತಾಡಬೇಡ. ದೇವರು ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ,
ಗಂಗಾಲಕ್ಷ್ಮಿ

ತಾ.ಕ.: ಲಕೋಟೆಗೆ ಹಾಕಿದ ಪತ್ರವನ್ನು ಮತ್ತೆ ಹೊರಗೆ ತೆಗೆದೆ. ಬರೆಯಬೇಕೆಂದು ಕೂತಿದ್ದನ್ನೇ ಬರೆದಿಲ್ಲ.

ಪೊಲೀಸರಿಗೆ ಹೇಳಿದವರು ಯಾರು ಎಂದು ಎರಡೂ ಪತ್ರದಲ್ಲಿ ಕೇಳಿದ್ದೀಯ. ನಾನು. ನಾಳೆ ಸಿರಾದಲ್ಲಿ ಬಸ್ ಹತ್ತುತ್ತೇನೆ ಎಂದು ಬುಧವಾರ ನೀನು ನನಗೆ ಫೋನ್ ಮಾಡಿದೆಯಲ್ಲ, ಅದೇ ಮಧ್ಯಾಹ್ನ ಈ ಮೇಜಿನ ಫೋನಿನಿಂದಲೇ ಹೇಳಿದೆ. ಅದಕ್ಕೆ ಮುಂಚೆ ಮೂರು ಸಲ ನೀನು ನಾಳೆ ಹೋಗುತ್ತೇನೆ ಎಂದಿದ್ದೆ, ಮೂರು ಸಲವೂ ಕುರಿಯ ಹಿಂದೆ ಹೋದೆ. ನಾಲ್ಕನೆಯದನ್ನು ನಾನು ನಂಬಲಿಲ್ಲ. "ನಮ್ಮೆಜಮಾನ್ರು ಡ್ಯೂಟಿಗೆ ಹೊರಟವ್ರೆ, ಹಿಂದಕ್ಕೆ ಹೋಗದಂಗೆ ರೈಲ್ ಹತ್ತಿಸಿ ಸಾರ್" ಎಂದು ಕೇಳಿಕೊಂಡೆ. ಹಿಡಿದರು ಎಂದು ಬರೆದುಕೊಳ್ಳುತ್ತಾರೆ, ಆ ಒಂದು ಪದಕ್ಕೆ ಇಷ್ಟು ಬೆಲೆಯಿದೆ ಎಂದು ದಿನವೆಲ್ಲ ಕಾನೂನು ಟೈಪ್ ಮಾಡುವ ನನಗೆ ಹೊಳೆಯಲಿಲ್ಲ. ನಿನ್ನ ಬ್ಯಾಗಿನಲ್ಲಿ ಸಿಕ್ಕಿದ್ದರ ಪಟ್ಟಿಯನ್ನು ವಕೀಲರಿಗೆ ನಾನೇ ಟೈಪ್ ಮಾಡಿಕೊಟ್ಟೆ. ಇಸ್ತ್ರಿ ಮಾಡಿದ ಯೂನಿಫಾರಂ, ಪಾಲಿಶ್ ಮಾಡಿದ ಬೂಟು. ಈ ಸಲ ನೀನು ನಿಜವಾಗಿಯೂ ಹೊರಟಿದ್ದೆ.

ಇದನ್ನೇ ಕೋರ್ಟಿನಲ್ಲಿ ಹೇಳಬೇಕಂತೆ. ನೀನು ಹೊರಟಿದ್ದೆ ಎನ್ನುವುದಕ್ಕೆ ಆ ನನ್ನ ಫೋನ್ ಕರೆಯೇ ಸಾಕ್ಷಿ ಎನ್ನುತ್ತಾರೆ ಕ್ಯಾಪ್ಟನ್ ಸಾಹೇಬರು. ನೀನು ಬೇಡವೆಂದರೆ ನನ್ನನ್ನು ಕರೆಸುವುದಿಲ್ಲವಂತೆ.

ಯಾಕೆ ಫೋನ್ ಮಾಡಿದೆ ಎಂದು ಕೋರ್ಟಿನವರು ಕೇಳಿದರೆ, ಯಜಮಾನರ ನೌಕರಿ ಉಳಿಯಲಿ ಎಂದು ಮಾಡಿದೆ ಎನ್ನುತ್ತೇನೆ. ಅದು ನಿಜ. ಇನ್ನೊಂದನ್ನು ನಿನಗೊಬ್ಬನಿಗೇ ಹೇಳುತ್ತೇನೆ. ಅವತ್ತು ನನಗೆ ಸಾಕಾಗಿ ಹೋಗಿತ್ತು ಭಾವ. ನೀನು ಗಡಿಯಲ್ಲಿದ್ದರೂ ಕಾಯುವುದು, ಊರಿಗೆ ಬಂದರೂ ಕಾಯುವುದು. ಯಾರಾದರೂ ನಿನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋದರೆ ಸಾಕು ಎನ್ನಿಸಿತ್ತು. ಅದೂ ನಿಜ.

ಡಿಸೆಂಬರ್ ಎರಡರಂದು ನಾನು ಬಾಗಿಲಾಚೆ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗೆ ಕರೆಸುವುದು, ಬಿಡುವುದು ನಿನಗೆ ಬಿಟ್ಟಿದ್ದು.