ನೀನು ಕಳಿಸಿದ ರಿಪೋರ್ಟು

ಲಕ್ಷ್ಮೇಶ್ವರ,
ಶನಿವಾರ, 14 ಸಪ್ಟೆಂಬರ್ 2019

ಮಗ ಇಲಿಯಾಸನಿಗೆ ಅವ್ವ ರಹಿಮತಬಿ ಮಾಡುವ ದುವಾ, ಸಲಾಂ.

ಹೇಗಿದ್ದೀ? ವಾಸ್ಕೋದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ ಎಂದು ಕೇಳಿದೆ. ಸೊಂಟನೋವು ಕಡಿಮೆಯಾಯಿತೇ? ಹತ್ತು ತಾಸು ಲಾರಿಯಲ್ಲಿ ಕೂರುವವನು ನಡುನಡುವೆ ಇಳಿದು ನಾಲ್ಕು ಹೆಜ್ಜೆ ಹಾಕಬೇಕು ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ನನ್ನ ಮೊಣಕಾಲಿನ ಸುದ್ದಿ ಬಿಡು, ಅದು ಇದ್ದದ್ದೇ. ನಿನ್ನ ಮಗಳು ತಬಸ್ಸುಮಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಶಾಲೆಯಲ್ಲಿ ಮಗ್ಗಿ ಹೇಳುವಾಗ ಎಲ್ಲರೂ ನಗುತ್ತಾರೆ ಎಂದು ಸಿಟ್ಟು ಮಾಡಿಕೊಂಡು ಬರುತ್ತಾಳೆ. ನೀನು ಫೋನು ಎತ್ತುವುದಿಲ್ಲ. ಎತ್ತಿದರೂ ನಾನು ಬೈಯುತ್ತೇನೆ, ನೀನು ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ. ಇಪ್ಪತ್ತಾರು ವರ್ಷ ಅಂಗನವಾಡಿಯ ರಜಿಸ್ಟರ್ ಬರೆದ ಕೈ ಇದು, ಅಕ್ಷರ ತಿಳಿಯಲಿಲ್ಲ ಎಂಬ ನೆಪ ಹೇಳಬೇಡ.

ನಿನ್ನ ಹೆಂಡತಿಯ ಸುದ್ದಿಯನ್ನು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ತಸ್ಲೀಮ ಒಣಗಿದ್ದಾಳೆ. ಹೋದ ಜುಲೈಯಲ್ಲಿ ಅವಳಿಗೆ ರಕ್ತ ನಿಲ್ಲದೆ ಗದಗಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದದ್ದು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದು, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆ ಎಂದದ್ದು ನಿನಗೆ ಗೊತ್ತು. ಇದು ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ, ಆ ವೈರಸ್ಸು ಗಂಡುಹೆಣ್ಣು ಕೂಡುವುದರಿಂದ ಹರಡುತ್ತದೆ ಎಂದು ಅಲ್ಲಿಯ ನರ್ಸಬಾಯಿ ಹೇಳಿದ್ದನ್ನು ನಿನಗೆ ಫೋನಿನಲ್ಲಿ ಹೇಳಿದವಳು ನಾನೇ. ಆಗ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ: 'ನನಗೇನೂ ಆಗಿಲ್ಲ. ಹಂಗಾರ ಅಕಿಗೆ ಎಲ್ಲಿಂದ ಬಂತಬೇ?'

ಎಂಟು ದಿನಕ್ಕೆ ನಿನ್ನ ರಿಪೋರ್ಟು ಮೊಬೈಲಿಗೆ ಬಂತು. ಅಲ್ಲಿಯ ಯಾವುದೋ ಲ್ಯಾಬಿನಲ್ಲಿ ಮೂತ್ರ ಕೊಟ್ಟು ಪರೀಕ್ಷೆ ಮಾಡಿಸಿದ್ದೆ. ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ದುಂಡನೆಯ ಶಿಕ್ಕಾ. ವೈರಸ್ಸು ಇಲ್ಲ ಎಂದು. ನಾನು ಏನು ಮಾಡಿದೆ ಗೊತ್ತೇ? ಅಂಗಡಿಗೆ ಹೋಗಿ ಅದನ್ನು ಕಾಗದದ ಮೇಲೆ ತೆಗೆಸಿಕೊಂಡು, ಸೀದಾ ಮಸೀದಿ ಓಣಿಯ ಹಿರಿಯ ಫಕ್ರುಸಾಬರ ಮನೆಗೆ ಹೋದೆ. ಅವರು ಚಷ್ಮಾ ಹಾಕಿಕೊಂಡು ಓದಿ, 'ಹುಡುಗ ಸಾಫ್ ಅದಾನವಾ. ಕಾಗದ ಸುಳ್ಳ ಹೇಳತೈತೇನು?' ಅಂದರು. ಅಲ್ಲಿಂದ ಮತ್ತೆ ನಾಲ್ಕು ಮನೆಗೆ ಒಯ್ದು ತೋರಿಸಿದೆ. ಕೋಣ ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಾವು. ಮನೆಗೆ ಬಂದು ತಸ್ಲೀಮಳ ತಾಟು, ಲೋಟ ಬೇರೆ ಇಟ್ಟೆ. ಕಿತಾಬಿನ ಮೇಲೆ ಕೈಯಿಟ್ಟು ಹೇಳು ಎಂದೆ. ಅವಳು ಕೈಕಾಲು ಮುಖ ತೊಳೆದು ವಜು ಮಾಡಿ ಬಂದು ಕೈಯಿಟ್ಟು ಹೇಳಿದಳು, 'ಅತ್ತಿ, ನಿಮ್ಮ ಮಗನ್ನ ಬಿಟ್ಟು ಮತ್ತೊಬ್ಬರ ನೆರಳ ಸೈತ ತುಳದಿಲ್ಲ.' ನಾನು ನಂಬಲಿಲ್ಲ. ನಿನ್ನ ಕಾಗದವನ್ನು ನಂಬಿದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಕ್ಯಾನ್ಸರ್ ಗರ್ಭಕೋಶವನ್ನು ದಾಟಿದೆ, ಆಪರೇಷನ್ ಆಗುವುದಿಲ್ಲ, ಹುಬ್ಬಳ್ಳಿಯಲ್ಲಿ ಇಪ್ಪತ್ತೈದು ಸಲ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕು ಎಂದು ಬರೆದುಕೊಟ್ಟರು. ನಾಲ್ಕು ಸಲ ಹೋಗಿ ಬಂದವಳು ಐದನೆಯ ದಿನ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಏಳು ಎಂದರೆ, 'ಬದುಕಿ ಯಾರಿಗೆ ಮುಖ ತೋರಸ್ಲಿ?' ಅಂದಳು. ನನಗೆ ಮೊದಲ ಸಲ ಹೆದರಿಕೆಯಾಯಿತು. ಹೋದ ಸೋಮವಾರ ಅವಳನ್ನು ಎಬ್ಬಿಸಿಕೊಂಡು ಮತ್ತೆ ಗದಗಿಗೆ ಹೋದೆ. ನಮ್ಮದು ಧಾರವಾಡ ಜಿಲ್ಲೆಯಾಗಿದ್ದ ಕಾಲದಲ್ಲಿ ಇಂಥದಕ್ಕೆ ಧಾರವಾಡದ ತನಕ ಹೋಗಬೇಕಾಗಿತ್ತು, ಈಗ ಅಷ್ಟಾದರೂ ಹತ್ತಿರವಾಗಿದೆ. ಡಾಕ್ಟರಬಾಯಿ ಮುಂದೆ ನಿನ್ನ ರಿಪೋರ್ಟು ಇಟ್ಟೆ. ಇದನ್ನು ನೋಡಿಯಾದರೂ ಇವಳು ನಿಜ ಹೇಳಲಿ ಎಂಬ ಹುಳ ಇನ್ನೂ ತಲೆಯಲ್ಲಿತ್ತು, ಸುಳ್ಳು ಯಾಕೆ ಬರೆಯಲಿ.

ಅವರು ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ ಕೆಳಗಿಟ್ಟರು. 'ಇದರ ಮ್ಯಾಲೆ ಸೊಸಿಗೆ ಕೆಟ್ಟ ಹೆಸರು ಇಟ್ರೇನ್ರಿ ಅಮ್ಮಾರ? ಹೆಣ್ಣಮಕ್ಕಳಿಗೆ ಟೆಸ್ಟ್ ಐತಿ. ಗಂಡಸಿಗೆ ಈ ವೈರಸ್ ಇಲ್ಲ ಅಂತ ಖಾತ್ರಿ ಹೇಳೂ ಟೆಸ್ಟ್ ಇನ್ನೂ ಬಂದಿಲ್ಲ. ಮೂತ್ರದಾಗ ಸಿಗಲಿಲ್ಲ ಅಂದ್ರ ಮೈಯಾಗ ಇಲ್ಲ ಅಂತಲ್ಲ. ಮೊದಲಿದ್ದು ತಾನ ಹೋಗಿರಬಹುದು, ಈಗೂ ಸುಮ್ಮನ ಕುಂತಿರಬಹುದು. ಮ್ಯಾಲೆ ನರೂಲಿ ಗಂಟ ಎದ್ದಿದ್ರ ನಾವು ಕಣ್ಣಿಂದ ನೋಡಿ ಗುರ್ತಾ ಹಿಡೀತೀವಿ. ಬಾಕಿ ಏನೂ ಕಾಣಂಗಿಲ್ಲ, ಏನೂ ನೋಯಂಗಿಲ್ಲ.'

ನರೂಲಿ ಎಂಬ ಮಾತು ಕೇಳಿದ ಕೂಡಲೇ ನಿನ್ನ ರಿಪೋರ್ಟನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡೆ.

ಇಲಿಯಾಸ, ನಿನಗೆ ನೆನಪಿದೆ. ಇಲ್ಲ ಎನ್ನಬೇಡ. ಮದುವೆಗೆ ಮುಂಚೆ, ನೀನು ಮೊದಲ ಸಲ ಲಾರಿ ಹತ್ತಿ ಎರಡು ವರ್ಷ ತಿರುಗಿ ಬಂದಾಗ, ನಿನ್ನ ಅಪ್ಪ ಗುಡುಸಾಬರು ನನ್ನನ್ನು ಒಳಗೆ ಕರೆದು, ಹುಡುಗನಿಗೆ ಹೇಳಬಾರದ ಜಾಗದಲ್ಲಿ ನರೂಲಿ ಎದ್ದಿವೆ ಎಂದರು. ಆಸ್ಪತ್ರೆಯ ಹೆಸರು ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ. ಬೆರಳಿಗೆ ನರೂಲಿ ಎದ್ದರೆ ನಮ್ಮ ಕಡೆ ಏನು ಮಾಡುತ್ತಾರೋ ಅದನ್ನೇ ಮಾಡಿದೆವು. ನಾನು ಎರಡು ಸೇರು ಹರಳುಪ್ಪು ಹಸಿರು ಬಟ್ಟೆಯಲ್ಲಿ ಕಟ್ಟಿಕೊಟ್ಟೆ. ಐದು ಗುರುವಾರ ಅಪ್ಪ ನಿನ್ನನ್ನು ಶಿರಹಟ್ಟಿ ಹಾದಿಯ ದರ್ಗಾಕ್ಕೆ ಕರೆದೊಯ್ದು ಅಲ್ಲಿಯ ಬಾವಿಗೆ ಉಪ್ಪು ಹಾಕಿಸಿದರು. ಉಪ್ಪು ಕರಗಿದಂತೆ ಕರಗಲಿ ಎಂದು. ಮೂರು ತಿಂಗಳಿಗೆ ಕರಗಿದವು. ನಾವು ಫಾತೇಹಾ ಓದಿಸಿ ಸಕ್ಕರೆ ಹಂಚಿದೆವು. ಅದೇ ವರ್ಷ ತಸ್ಲೀಮಳನ್ನು ತಂದೆವು. ಊರೂರು ತಿರುಗಿ ಗರ್ಭಿಣಿಯರಿಗೆ ಸೂಜಿ ಹಾಕಿಸಿಕೊಳ್ಳಿ, ತಪಾಸಣೆ ಮಾಡಿಸಿಕೊಳ್ಳಿ ಎಂದು ಹೇಳುತ್ತಿದ್ದವಳು ನಾನು, ನನ್ನ ಮಗನನ್ನು ಡಾಕ್ಟರಿಗೆ ತೋರಿಸಲಿಲ್ಲ.

ತಸ್ಲೀಮಳನ್ನು ಹೊರಗೆ ಕೂರಿಸಿ ಡಾಕ್ಟರಬಾಯಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. 'ನರೂಲಿ ತರೂ ವೈರಸ್ ಜಾತಿ ಬ್ಯಾರೆ, ಕ್ಯಾನ್ಸರ್ ತರೂ ಜಾತಿ ಬ್ಯಾರೆ. ಒಮ್ಮೊಮ್ಮೆ ಎರಡೂ ಕೂಡೇ ಬರತಾವು. ಯಾರಿಂದ ಯಾರಿಗೆ ಬಂತು, ಯಾವಾಗ ಬಂತು ಅಂತ ಹೇಳಾಕ ಯಾರ ಕೈಲೂ ಆಗಂಗಿಲ್ರಿ. ಅದನ್ನ ಬಿಟ್ಟು ಮೊದಲ ಅಕಿನ್ನ ಹುಬ್ಬಳ್ಳಿಗೆ ಕಳಸ್ರಿ' ಅಂದರು. ಆದ್ದರಿಂದ ನೀನೇ ಅವಳಿಗೆ ಕೊಟ್ಟೆ ಎಂದು ನಾನು ಬರೆಯುತ್ತಿಲ್ಲ. ಆದರೆ ಗೊತ್ತಿಲ್ಲದ ಮಾತಿಗೆ ನಾವು ಅವಳನ್ನು ಅಪರಾಧಿ ಮಾಡಿದೆವು. ಉಪ್ಪಿನ ವಿಷಯ ನಿನಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಆವತ್ತೇ ಮನೆಗೆ ಬಂದು ಅವಳ ಮುಂದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. 'ಈಗ ಹೇಳಿದ್ರಲ್ಲ ಅತ್ತಿ' ಎಂದಷ್ಟೇ ಅಂದಳು. ಲೇ, ಆ ಮಾತು ನನ್ನನ್ನು ಒನಕೆಯಿಂದ ಕುಟ್ಟಿದ ಹಾಗೆ ಕುಟ್ಟುತ್ತಿದೆ. ಬುಧವಾರದಿಂದ ಮತ್ತೆ ಹುಬ್ಬಳ್ಳಿಗೆ ಹೋಗುತ್ತಿದ್ದೇವೆ. ನಡುವೆ ಬಿಟ್ಟ ಹದಿನಾರು ದಿನ ಕೆಟ್ಟದ್ದು ಮಾಡಿದೆ ಎಂದು ಅಲ್ಲಿಯವರು ಹೇಳುತ್ತಾರೆ. ಉಳಿಯುತ್ತಾಳೆ ಎಂದು ಯಾರೂ ಹೇಳುವುದಿಲ್ಲ. ಫಕ್ರುಸಾಬರ ಮನೆಗೆ, ಆ ನಾಲ್ಕು ಮನೆಗೆ ಮತ್ತೆ ಹೋಗಿ ನಾನು ಹೇಳಿದ್ದು ತಪ್ಪು ಎಂದು ಹೇಳಿ ಬಂದೆ. ರಿಪೋರ್ಟು ತೆಗೆದುಕೊಂಡು ಹೋದಾಗ ಚಹಾ ಕೊಟ್ಟಿದ್ದರು, ಈ ಸಲ ಬಾಗಿಲಲ್ಲೇ ನಿಲ್ಲಿಸಿದರು.

ನೀನು ಎರಡು ಕೆಲಸ ಮಾಡು. ಒಂದು, ಬಂದು ಅವಳ ಹತ್ತಿರ ಕೂತುಕೋ, ನೀನೂ ಡಾಕ್ಟರ ಮುಂದೆ ನಾಚಿಕೆ ಬಿಟ್ಟು ನಿಲ್ಲು, ಅವರು ಕಣ್ಣಿಂದ ನೋಡಲಿ. ಎರಡು, ನಿನ್ನ ಗೆಳೆಯ ಮಾಶಾಕ ಮುಂಡರಗಿಯಲ್ಲಿ ತನ್ನ ಅಕ್ಕನ ಮಗಳನ್ನು ನಿನ್ನ ಎರಡನೆಯ ಮದುವೆಗೆ ನೋಡಿದ್ದಾನೆ ಎಂಬ ಖಬರು ನನ್ನ ತನಕ ಬಂದಿದೆ. ಆ ಮಾತನ್ನು ನಿನ್ನ ಬಾಯಿಂದಲೇ ನಿಲ್ಲಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಲಾರಿ ನಿಧಾನ ನಡೆಸು. ಅಲ್ಲಾಹನು ನಿನಗೆ ಆಯುಷ್ಯ ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ. ತಬಸ್ಸುಮ ಸಲಾಂ ಹೇಳಿದ್ದಾಳೆ. ತಸ್ಲೀಮ ಏನೂ ಹೇಳಿಲ್ಲ.

ನಿನ್ನ ಅವ್ವ,
ರಹಿಮತಬಿ

ತಾ.ಕ.: ಇವತ್ತು ಮಂಗಳವಾರ. ಕಾಗದ ಚೀಲದಲ್ಲೇ ಉಳಿದಿತ್ತು. ಮುಂಡರಗಿ ಬಸ್ ನಿಲ್ದಾಣದಲ್ಲಿ ಕೂತು ಇಷ್ಟು ಬರೆಯುತ್ತಿದ್ದೇನೆ, ಬಸ್ಸು ಬಂದು ನಿಂತಿದೆ. ಬರುವ ಶುಕ್ರವಾರವೇ ಮಾತು ಪಕ್ಕಾ ಎಂದು ನಿನ್ನೆ ತಿಳಿಯಿತು, ನಿನ್ನ ಉತ್ತರ ಕಾಯಲು ಆಗಲಿಲ್ಲ. ಮಾಶಾಕನ ಅಕ್ಕ ಫಕೀರಬಿಯ ಮನೆಗೆ ಹೋದೆ. ಅವರಿಗೂ ನೀನು ಕಳಿಸಿದ ರಿಪೋರ್ಟಿಗೆ ಪ್ಲಾಸ್ಟಿಕ್ ಹಾಕಿಸಿ ಕಪಾಟಿನಲ್ಲಿ ಇಟ್ಟಿದ್ದರು. 'ನೋಡ್ರಿ, ನಿಮ್ಮ ಮಗ ಸಾಫ್ ಅದಾನ ಅಂತ ಇದರಾಗ ಐತಿ' ಎಂದು ನನಗೇ ತೋರಿಸಿದರು. ಆ ಹುಡುಗಿ ತಲೆಯ ಮೇಲೆ ಸೆರಗು ಹೊದ್ದು ನೀರು ತಂದುಕೊಟ್ಟಳು. ಅವಳಿಗೆ ಹತ್ತೊಂಬತ್ತು. ನೀರು ಕುಡಿಯದೆ ಕೆಳಗಿಟ್ಟು, ಅವಳನ್ನೂ ಅಲ್ಲೇ ಕೂರಿಸಿಕೊಂಡು, ಎಲ್ಲ ಹೇಳಿದೆ. ಸಂಬಂಧ ಮುರಿದಿದೆ. ಯಾರು ಮುರಿದರು ಎಂದು ಮಾಶಾಕನ ಮೇಲೆ ಹರಿಹಾಯಬೇಡ. ನಿನ್ನ ಅವ್ವ ಮುರಿದಳು.