ನಳಿಗೆಯ ಕೆಳಭಾಗ

ಪ್ರೀತಿಯ ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಮಂಚ ಖಾಲಿ ಇರುವುದು ಕಾಣದಿರಲೆಂದು ಅದರ ಮೇಲೆ ಒಗೆದ ಬಟ್ಟೆ ಹರವುತ್ತೇನೆ.

ಮೊನ್ನೆಯ ಪತ್ರಿಕೆಯಲ್ಲಿ ಗಡಿಯಲ್ಲಿರುವ ನಿಮ್ಮ ದಳದ ಫೋಟೋ ಬಂದಿತ್ತು. ಪೊದೆಗಳ ನಡುವೆ ಆರು ಟ್ಯಾಂಕುಗಳಿವೆ ಎಂದು ಕೆಳಗೆ ಬರೆದಿದ್ದರು. ಊಟದ ಹೊತ್ತಿನಲ್ಲಿ ಟ್ಯಾಂಕು ಮರೆಮಾಚಲು ಬಣ್ಣ ಬಳಿಯುವ ನಮ್ಮ ಶೆಡ್ಡಿನವರೆಲ್ಲ ಹುಡುಕಿದರು. ಒಂದೂ ಸಿಗಲಿಲ್ಲ. "ಕಣ್ಣಿಗೆ ಮಣ್ಣೆರಚೋದ್ರಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರೂ ಇಲ್ಲ ಬಿಡಕ್ಕಾ!" ಎಂದು ಮೇಸ್ತ್ರಿ ನಕ್ಕರು. ನನಗೆ ಮಾತ್ರ ನಿನ್ನ ಟ್ಯಾಂಕು ಒಂದೇ ನೋಟಕ್ಕೆ ಸಿಕ್ಕಿತು. ಮೊದಲು ಖುಷಿಯಾಯಿತು. ಆಮೇಲೆ ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಫಿರಂಗಿ ನಳಿಗೆಯ ಕೆಳಭಾಗಕ್ಕೆ ನಾವು ತಿಳಿ ಬಣ್ಣ ಬಳಿಯುತ್ತೇವೆ. ಇಲ್ಲದಿದ್ದರೆ ಅಲ್ಲಿನ ನೆರಳು ಕಪ್ಪು ಗೆರೆಯಾಗಿ ದೂರಕ್ಕೇ ಕಾಣುತ್ತದೆ. ನಿನ್ನದಕ್ಕೆ ಅದೊಂದು ಬಾಕಿಯಿದ್ದಾಗಲೇ ನೀನು ಟ್ಯಾಂಕು ಒಯ್ಯಲು ಬಂದು, "ಸಾಕು ಬಿಡಕ್ಕಾ, ಮದುಮಗಳಿಗೂ ಇಷ್ಟು ಬಳಿಯಲ್ಲ" ಎಂದೆ. ನಾನು ಡಬ್ಬಿ ಕೆಳಗಿಟ್ಟು ನಿನಗೆ ಚಹಾ ತರಲು ಹೋದೆ. ಆ ಡಬ್ಬಿಯನ್ನು ಮತ್ತೆ ಎತ್ತಲೇ ಇಲ್ಲ.

ನನ್ನ ತಪ್ಪನ್ನು ಮೇಲಧಿಕಾರಿಗೆ ಬರೆದುಕೊಟ್ಟಿದ್ದೇನೆ. ಅವರ ಆದೇಶ ಬರುವವರೆಗೆ ಕಾಯಬೇಡ. ಈ ಕಾಗದ ಸೇರಿದ ಕೂಡಲೇ ತಿಳಿ ಬೂದು ಬಣ್ಣ ಕೇಳಿ ಪಡೆದು, ನಳಿಗೆಯ ಕೆಳಗೆ ಬುಡದಿಂದ ತುದಿಯವರೆಗೆ ಬಳಿ. ಹೊಳೆಯುವ ಬಣ್ಣ ಬೇಡ.

ಬಳಿದ ಮೇಲೆ ಯಾವ ಫೋಟೋದಲ್ಲೂ ನೀನು ನನಗೆ ಸಿಗುವುದಿಲ್ಲ. ಅದಕ್ಕೇ, ಸೋಮಾರಿ, ವಾರಕ್ಕೆ ಒಂದು ಸಾಲಾದರೂ ಬರೆಯುತ್ತಿರು.

ನಿನ್ನ ದಾರಿ ನೋಡುವ,
ಅಕ್ಕ