ಚಿಲಕ ಹಾಕಲಾರದವಳು

ವಾಡಿ, ರೈಲ್ವೆ ಕ್ವಾರ್ಟರ್ಸ್
ಸೋಮವಾರ, ೮-೨-೧೯೫೪

ನನ್ನ ತಂಗಿ ಹಮೀದಾಳಿಗೆ ಶಿವಕಾಂತಕ್ಕನ ಆಶೀರ್ವಾದಗಳು.

ಇಲ್ಲಿ ಇವರು ಕ್ಷೇಮ, ಮಕ್ಕಳಿಬ್ಬರೂ ಕ್ಷೇಮ, ಆಡು ಮೊನ್ನೆ ಎರಡು ಮರಿ ಹಾಕಿದೆ, ಅವೂ ಕ್ಷೇಮ. ಇಷ್ಟು ಬರೆದ ಮೇಲೆ ನನ್ನದು ಬರೆಯಬೇಕಲ್ಲ ಎಂದು ಕೈ ನಿಂತಿತು. ಅದಕ್ಕೇ ಈ ಕಾಗದ.

ಅಕ್ಷರ ನೋಡಿ ನಗಬೇಡ. ಎರಡನೇ ಪುಸ್ತಕ ಅರ್ಧ ಆಗುವಷ್ಟರಲ್ಲಿ ನನ್ನನ್ನು ಸಾಲಿ ಬಿಡಿಸಿದರು. ಚಿತ್ತಾಪುರದಲ್ಲಿ ನಾವು ಗೋಡೆಗೆ ಗೋಡೆ ಹಚ್ಚಿ ಇದ್ದಾಗ, ಪಡಸಾಲೆಯಲ್ಲಿ ಬೂದಿ ಹರಡಿ ನಿನಗೆ ಕಲಿಸಿದ್ದು ಅದೇ ಅರ್ಧ ಪುಸ್ತಕದ ವಿದ್ಯೆ. ಇವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬಾರದು. ಹೀಗಾಗಿ ನಮ್ಮ ಮನೆಯಲ್ಲಿ ಈ ಕಾಗದ ಓದುವವರು ಯಾರೂ ಇಲ್ಲ. ನೀನೊಬ್ಬಳೇ.

ಮುಂದಿನ ಬುಧವಾರ, ಹದಿನೇಳನೇ ತಾರೀಖು, ಹತ್ತು ಗಂಟೆಗೆ ನನ್ನನ್ನು ನಿಮ್ಮ ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸುತ್ತಾರೆ. ಹೌದು, ಅದೇ ಡಾಕ್ಟರು. ನಾದಿನಿ ಮಾಣಿಕಮ್ಮ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ನಾನು ಬರೆಯುವುದಿಲ್ಲ.

ನನಗೆ ಆಗಿರುವುದು ಏನೆಂದರೆ, ಬಾಗಿಲಿಗೆ ಚಿಲಕ ಹಾಕಲು ಆಗುವುದಿಲ್ಲ. ಬೇರೆ ಹೆಂಗಸರು ಚಿಲಕ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ನೋಡುತ್ತಾರೆ. ನಾನು ತೆಗೆದಿದೆಯೋ ಇಲ್ಲವೋ ಎಂದು ಇಪ್ಪತ್ತು ಸಲ ನೋಡುತ್ತೇನೆ. ಒಲೆ ಮೇಲೆ ಹಾಲು ಇಟ್ಟು ಎದ್ದು ಹೋಗುತ್ತೇನೆ. ರೊಟ್ಟಿ ಅರ್ಧ ಬಡಿದು ಎದ್ದು ಹೋಗುತ್ತೇನೆ. ಮಧ್ಯಾಹ್ನವಂತೂ ಹೊಸ್ತಿಲ ಮೇಲೇ ನಿಂತಿರುತ್ತೇನೆ. ಹೋದ ತಿಂಗಳು ನಾಯಿ ಒಳಗೆ ಬಂದು ರೊಟ್ಟಿ ಬುಟ್ಟಿಯನ್ನೇ ಎಳೆದುಕೊಂಡು ಹೋಯಿತು. ಆಗ ಮಾಣಿಕಮ್ಮ ಅಂದ ಮಾತು ಕೇಳು: “ಯವ್ವಾ, ನಮ್ಮ ವೈನಿ ಮನಿ ಅಂದ್ರ ಛತ್ರ ಅದ, ನಾಯಿಗೂ ಕುಂದ್ರು ಅಂತಾಳ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಇನ್ನೊಂದು, ಬಳೆ. ಬಲಗೈಗೆ ಬಳೆ ಇಟ್ಟರೆ ಅದರ ಸಪ್ಪಳಕ್ಕೆ ನನ್ನ ಎದೆ ಬಡಿದುಕೊಳ್ಳುತ್ತದೆ. ತೆಗೆದು ಇಟ್ಟಿದ್ದೇನೆ. ಗಂಡ ಇರುವವಳು ಹೀಗೆ ಬರಿಗೈಯಲ್ಲಿ ಇರುವುದು ಮನೆಗೆ ಒಳ್ಳೆಯದಲ್ಲ ಎಂದು ಓಣಿಯಲ್ಲಿ ಮಾತು. ಇವರು ಏನೂ ಅನ್ನುವುದಿಲ್ಲ. ಅನ್ನದಿರುವುದೇ ನನಗೆ ಭಾಳ ಅಂಜಿಕೆ.

ರೈಲ್ವೆ ದವಾಖಾನೆಯ ಕಂಪೌಂಡರ್ ಅಬ್ದುಲ್ ಕರೀಮ್ ಒಳ್ಳೆಯ ಮನುಷ್ಯ. ಹೈದರಾಬಾದಿಗೆ ಚೀಟಿ ಬರೆಸಿಕೊಟ್ಟವನು ಅವನೇ. ಸೂಜಿ ಚುಚ್ಚುತ್ತಾರೇನಪ್ಪಾ ಎಂದು ಕೇಳಿದೆ. “ಇಲ್ರಿ ಅಕ್ಕಾ, ಈ ಡಾಕ್ಟರು ನಾಡಿ ಹಿಡ್ಯಾಂಗಿಲ್ಲ, ಮಾತು ಹಿಡೀತಾರ. ನೀವು ಹೇಳಕೋತ ಹೋಗೋದು, ಅವರು ಕೇಳಕೋತ ಕುಂದ್ರೋದು” ಅಂದ. ಸೂಜಿಯೇ ಆಗಿದ್ದರೆ ಚಲೋ ಇತ್ತು ಅನ್ನಿಸಿತು. ಹೇಳದೇ ಇದ್ದರೆ ಏನು ಮಾಡುತ್ತಾರೆ ಎಂದೂ ಕೇಳಿದೆ. ರೋಗ ತಿಳಿಯದಿದ್ದರೆ ಕೆಲವು ದಿನ ಅಲ್ಲೇ ಇಟ್ಟುಕೊಂಡು ನೋಡುತ್ತಾರಂತೆ. ಆ ಕೋಣೆಗಳಿಗೆ ಹೊರಗಿನಿಂದ ಕೀಲಿ ಹಾಕುತ್ತಾರಂತೆ. ಹಮೀದಾ, ಇದನ್ನು ಕೇಳಿದ ದಿನದಿಂದ ರಾತ್ರಿಯೂ ಎದ್ದೆದ್ದು ಬಾಗಿಲು ನೋಡುತ್ತೇನೆ.

ಒಂದು ಅಚ್ಚಿನ ಕಾಗದ ಕೊಟ್ಟಿದ್ದಾರೆ, ಮನೆಯಲ್ಲೇ ತುಂಬಿ ತರಬೇಕು. ಇವರು ಓದಿ ಹೇಳಿದರು, ನಾನು ಹೇಳಿದ್ದನ್ನು ಬರೆದರು. ಹೆಸರು, ವಯಸ್ಸು, ಎಷ್ಟು ಮಕ್ಕಳು. ಆಮೇಲೆ, ಈ ತಕಲೀಫು ಯಾವಾಗಿನಿಂದ? ನಮ್ಮ ಅತ್ತೆ ತೀರಿಕೊಂಡಾಗಿನಿಂದ ಎಂದು ಬರೆಸಿದೆ. ಐವತ್ತನೇ ಇಸವಿ. ಇವರಿಗೆ ಕಣ್ಣಲ್ಲಿ ನೀರು ಬಂತು, ತಮ್ಮ ತಾಯಿ ಮೇಲೆ ನನಗೆ ಅಷ್ಟು ಜೀವ ಇತ್ತೆಂದು. ಅತ್ತೆ ಹೋದ ಮೇಲೆ ಹೆಚ್ಚಾದದ್ದು ಸುಳ್ಳಲ್ಲ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಡಾಕ್ಟರು ಗಂಡನನ್ನು ಹೊರಗೆ ಕೂಡಿಸುತ್ತಾರಂತೆ. ನನಗೆ ಸಂತೆಯ ಉರ್ದು ಬರುತ್ತದೆ, ಒಳಗಿನದು ಹೇಳುವಷ್ಟು ಬರುವುದಿಲ್ಲ. ಉರ್ದು ಬಲ್ಲ ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ಕೂತು, ನಾನು ಕನ್ನಡದಲ್ಲಿ ಹೇಳಿದ್ದನ್ನು ಅವರಿಗೆ ತಿರುಗಿಸಿ ಹೇಳಬೇಕು. ಯಾರು ಎಂದು ನಾನು ಯೋಚಿಸುವ ಮೊದಲೇ ಇವರು ಅಂದರು: “ಹಮೀದಾ ಅಲ್ಲೇ ಅದಾಳಲ್ಲ, ಆಕೀಗೇ ಬರಿ. ನಿನ್ನ ಹೊಟ್ಯಾಗಿಂದು ಆಕೀಗಿ ಗೊತ್ತಿಲ್ಲದ್ದೇನದ?” ಅಂದು ಹನ್ನೆರಡು ದಿನ ಆಯಿತು. ದಿನಾ ಕೇಳುತ್ತಾರೆ, ಬರೆದಿಯೇನು? ದಿನಾ ಒಂದು ನೆಪ ಹೇಳಿದೆ.

ನಿನ್ನ ಹೊಲಿಗೆ ಕೆಲಸ ಇರುತ್ತದೆ, ನಿನ್ನ ಅಣ್ಣ ಮಜೀದ ಅಷ್ಟು ದೂರ ಕಳಿಸುತ್ತಾನೋ ಇಲ್ಲವೋ, ಆ ದಿನ ನಿನಗೆ ಮೈ ನೆಟ್ಟಗಿರುತ್ತದೋ ಇಲ್ಲವೋ. ಯಾವ ಸೀರೆ ಉಡಲಿ? ಬಳೆ ಇಟ್ಟುಕೊಂಡೇ ಹೋಗಬೇಕೆ, ಅಥವಾ ಬರಿಗೈಯಲ್ಲಿ ಹೋದರೆ ರೋಗ ಬೇಗ ತಿಳಿಯುತ್ತದೆಯೇ? ವಿಭೂತಿ ಹಚ್ಚಿಕೊಂಡು ಹೋದರೆ ಆ ದೊಡ್ಡವರು ಏನಾದರೂ ತಿಳಿದುಕೊಂಡಾರೇ? ಮನಸ್ಸಿಗೆ ಬಂದದ್ದೆಲ್ಲ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಪ್ರತಿ ರಮಜಾನಿಗೆ ನೀನು ಕಳಿಸುವ ಶಾವಿಗೆ ಮುಟ್ಟುತ್ತಿದೆ. ಬೇಯಿಸಿದ್ದು ನಾವು ಉಣ್ಣುವುದಿಲ್ಲ ಎಂದು ಒಣ ಶಾವಿಗೆ, ಸಕ್ಕರೆ, ಉತ್ತತ್ತಿ ಬೇರೆ ಬೇರೆ ಕಟ್ಟಿ ಕಳಿಸುವುದನ್ನು ಇಷ್ಟೆಲ್ಲ ಆದ ಮೇಲೂ ನೀನು ಮರೆತಿಲ್ಲ.

ಇಷ್ಟೆಲ್ಲ ಎಂದರೆ, ನಲವತ್ತೆಂಟರಲ್ಲಿ ನಿಜಾಮರ ಸರ್ಕಾರ ಬಿದ್ದ ವಾರ. ಅದನ್ನು ನಾವು ಒಂದೇ ಸಲ ಮಾತಾಡಿದ್ದೇವೆ, ನೀನು ಹೈದರಾಬಾದಿಗೆ ಮಜೀದಣ್ಣನ ಮನೆಗೆ ಹೊರಟಾಗ ಇದೇ ವಾಡಿ ಸ್ಟೇಷನ್ನಿನಲ್ಲಿ. ಮುಸಲ್ಮಾನರ ಮನೆ ಹುಡುಕುತ್ತ ಗುಂಪು ನಮ್ಮ ಓಣಿಗೆ ಬಂದಾಗ ನೀನೂ ನಿನ್ನ ಗಂಡ ಬಂದೇಅಲಿ ಅಣ್ಣನೂ ನಮ್ಮ ಬಾಗಿಲಿಗೆ ಓಡಿ ಬಂದಿರಿ. ನೀನು ಮೂರು ಸಲ ಬಡಿದೆ, ಮೂರನೆಯದು ಅಂಗೈಯಿಂದ. ಹಾಗೆಂದು ನೀನೇ ಹೇಳಿದೆ ಅನ್ನಿಸುತ್ತದೆ. ಬಾಗಿಲು ತೆರೆಯದಿದ್ದಾಗ ಇಬ್ಬರೂ ಊರ ಹೊರಗಿನ ಸಜ್ಜೆ ಹೊಲದಲ್ಲಿ ಕೂತಿರಿ. “ಶಿವಕಾಂತಕ್ಕ ಬಂದಾಳೇನು ನೋಡಿ ಬರ್ತೀನಿ” ಎಂದು ಬಂದೇಅಲಿ ಅಣ್ಣ ಎದ್ದು ಹೋದವನು ತಿರುಗಿ ಬರಲಿಲ್ಲ. ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದು ನೀನು ಅಂದಿದ್ದು ನನಗೆ ಬಾಯಿಪಾಠ ಇದೆ: “ನೀ ದಂಡೋತ್ಯಾಗ ತವರುಮನ್ಯಾಗಿದ್ದಿ ಅಕ್ಕಾ, ನೀ ಏನು ಮಾಡ್ತಿ? ನೀ ಮನ್ಯಾಗ ಇದ್ದಿದ್ರ ನಮ್ಮನ್ನ ಹೊರಗ ಬಿಡತಿದ್ದೇನು?”

ನಾನು ತಲೆ ಆಡಿಸಿದೆ.

ಬರುವೆಯೋ ಇಲ್ಲವೋ ಒಂದು ಕಾರ್ಡು ಹಾಕು.

ನಿನ್ನ ದಾರಿ ನೋಡುವ ಅಕ್ಕ,
ಶಿವಕಾಂತಮ್ಮ

ತಾ. ಕ.: ಮೇಲಿನದನ್ನು ಸೋಮವಾರ ಬರೆದೆ, ಇವತ್ತು ಬುಧವಾರ. ಡಬ್ಬಿಗೆ ಹಾಕಲಿಲ್ಲ. ಡಾಕ್ಟರು ಕೇಳುತ್ತಾರೆ, ನಾನು ಹೇಳುತ್ತೇನೆ, ಅದು ನಿನ್ನ ಬಾಯಿಂದ ಉರ್ದುವಾಗಿ ಹೊರಗೆ ಬರಬೇಕು. ಗುರುತಿಲ್ಲದ ಮನುಷ್ಯನ ಎದುರು ಕೂತು ನೀನು ಅದನ್ನು ಮೊದಲ ಸಲ ಕೇಳಬಾರದು.

ನಾನು ದಂಡೋತಿಗೆ ಹೋಗಿರಲಿಲ್ಲ. ಮಕ್ಕಳನ್ನು ಕೋಣೆಯಲ್ಲಿ ಮಲಗಿಸಿ ಬಾಗಿಲ ಹಿಂದೆಯೇ ನಿಂತಿದ್ದೆ, ಕೈ ಚಿಲಕದ ಮೇಲಿತ್ತು. ಇವರು ಡ್ಯೂಟಿ ಮೇಲೆ ವಾಡಿಯಲ್ಲಿದ್ದರು. ಕಣ್ಣು ಕಾಣದ ಅತ್ತೆ ಒಳಗಿನಿಂದ, “ಯಾರೋ ಬಡೀಲಿಕತ್ತಾರ, ತೆಗಿಯವ್ವಾ” ಅಂದಳು. ಗಾಳಿ ಅದ ಅತ್ತಿ, ಅಂದೆ. ಸಾಯುವ ಎರಡು ದಿನ ಮೊದಲು ಅವಳು ನನ್ನನ್ನು ಹತ್ತಿರ ಕರೆದು ಅಂದಳು, “ಅವತ್ತು ಗಾಳಿ ಇದ್ದಿದ್ದಿಲ್ಲ.” ನಿನ್ನ ಶಾವಿಗೆ ಒಂದು ವರ್ಷವೂ ಒಲೆ ಮೇಲೆ ಏರಿಲ್ಲ. ಐದೂ ಗಂಟು ಗಡಿಗೆಯಲ್ಲೇ ಇವೆ.

ಬಂದೇಅಲಿ ಅಣ್ಣ ಎರಡನೇ ಸಲ ಬಂದದ್ದು ನಿನಗೆ ಗೊತ್ತಿಲ್ಲ. ಬಂದಿದ್ದ. ಈ ಸಲ ಬಡಿಯಲಿಲ್ಲ. ಓಣಿಯಲ್ಲಿ ಯಾರಿಗೂ ಸಂಶಯ ಬರಬಾರದೆಂದು, ತನ್ನ ವ್ಯಾಪಾರದ ಕೂಗನ್ನೇ ಸಣ್ಣ ದನಿಯಲ್ಲಿ ಬಾಗಿಲ ಸಂದಿಗೆ ಹೇಳಿದ. “ಬಳಿ ಇಡಸ್ಕೋತೀರೇನ್ರಿ ಅಕ್ಕಾ?” ಅವನೇ ಇಟ್ಟ ಬಳೆಗಳು ಕೈಯಲ್ಲಿದ್ದವು. ಸಪ್ಪಳ ಆಗಬಾರದೆಂದು ಇನ್ನೊಂದು ಕೈಯಿಂದ ಅವನ್ನು ಒತ್ತಿ ಹಿಡಿದುಕೊಂಡೆ. ಸ್ವಲ್ಪ ಹೊತ್ತು ನಿಂತ. ಆಮೇಲೆ ಓಡುವ ಕಾಲುಗಳು, ಬಹಳ ಕಾಲುಗಳು.

ಅವನ ಆ ಕಡೇ ಮಾತು ನಿನಗೆ ಸೇರಿದ್ದು. ಐದು ವರ್ಷ ನಾನು ಇಟ್ಟುಕೊಂಡೆ. ಈಗ ಕಳಿಸಿದ್ದೇನೆ.

ಇನ್ನು ಕಾರ್ಡು ಹಾಕಬೇಡ. ಬರುವ ಬುಧವಾರ ಹತ್ತು ಗಂಟೆಗೆ ದವಾಖಾನೆಯ ಬಾಗಿಲಲ್ಲಿ ಹೊರಗೇ ನಿಂತಿರುತ್ತೇನೆ. ನೀನು ಬರದಿದ್ದರೆ ಒಬ್ಬಳೇ ಒಳಗೆ ಹೋಗುತ್ತೇನೆ. ಅವರು ಕೀಲಿ ಹಾಕಿದರೆ ಹಾಕಲಿ.